ವಾರಣೆಯ ತೀರದಿಂದ ಅಳಿವೆಯ ಬಾಗಿಲಿಗೆ

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ದಾನೋಳಿ ಗ್ರಾಮವು ವಾರಣಾ ನದಿಯ ದಕ್ಷಿಣ ದಂಡೆಯ ಮೇಲಿದೆ. ಆಚೆಯ ದಡ ಸಾಂಗಲಿ ಜಿಲ್ಲೆಗೆ ಸೇರಿದ್ದು. ಎರಡೂ ದಡಗಳಲ್ಲಿ ಕರಿಮಣ್ಣು, ಕಬ್ಬಿನ ಗದ್ದೆ, ನದಿಯಿಂದ ಹೊಲಕ್ಕೆ ನೀರೆತ್ತುವ ಪಂಪುಗಳು. ಈ ನೀರು ಸಹ್ಯಾದ್ರಿಯ ನೆತ್ತಿಯ ಮೇಲಿನ ಚಾಂದೋಲಿಯ ಕಾಡುಗಳಿಂದ ಬರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಅರಬ್ಬೀ ಸಮುದ್ರವು ಕಾಗೆ ಹಾರುವ ದಾರಿಯಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಆದರೆ ನದಿಯು ಆ ಕಡೆಗೆ ತಿರುಗುವುದಿಲ್ಲ. ಅದು ಕಡಲಿಗೆ ಬೆನ್ನುಮಾಡಿ ಮೂಡಣಕ್ಕೆ ಹೊರಡುತ್ತದೆ. ದಾನೋಳಿಯನ್ನು ದಾಟಿ, ಸಾಂಗಲಿಯ ಮಗ್ಗುಲಿನ ಹರಿಪುರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುಂದೆ ನರಸೋಬಾವಾಡಿಯಲ್ಲಿ ಪಂಚಗಂಗೆ ಬಂದು ಕೂಡುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿಯ ನೀರು ಕೂಡ ಘಟಪ್ರಭೆಯ ಮೂಲಕ ಇದೇ ಕೃಷ್ಣೆಯನ್ನು ಸೇರುತ್ತದೆ. ಹೀಗೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಮಳೆಯೆಲ್ಲ ಒಂದೇ ಪಾತ್ರದಲ್ಲಿ ಬೆರೆತು, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ನಡೆದು, ಬಂಗಾಳ ಕೊಲ್ಲಿಯನ್ನು ಮುಟ್ಟಬೇಕು.

ಮುಟ್ಟುತ್ತದೆಯೇ, ಮುಟ್ಟಬೇಕೇ ಎಂಬುದು ಈಗಿನ ಕಾಲದ ದೊಡ್ಡ ಪ್ರಶ್ನೆ. 'ಕಡಲಿಗೆ ಹರಿದು ಹೋದ ನೀರು ಹಾಳಾದ ನೀರು' ಎಂಬ ಮಾತು ಹೊಲದ ಬದುವಿನಿಂದ ವಿಧಾನಸಭೆಯವರೆಗೆ ಕೇಳಿಬರುತ್ತದೆ. ಅಣೆಕಟ್ಟು ಕಟ್ಟುವಾಗ, ನದಿಗಳನ್ನು ಜೋಡಿಸುವ ಯೋಜನೆ ಹಾಕುವಾಗ, ಎರಡು ರಾಜ್ಯಗಳು ನ್ಯಾಯಮಂಡಳಿಯ ಮುಂದೆ ವಾದಿಸುವಾಗ ಇದೇ ಮಾತು ಆಧಾರವಾಗುತ್ತದೆ. ನೀರಿಗಾಗಿ ಬೆವರು ಸುರಿಸಿದ ರೈತನಿಗೆ ಈ ಮಾತು ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಆದರೆ ನದಿಯು ಕಡಲನ್ನು ಸೇರುವ ಜಾಗಕ್ಕೆ ಒಮ್ಮೆ ಹೋಗಿ ನಿಂತವರಿಗೆ ಆ ಮಾತಿನ ಕೊರತೆ ಕಣ್ಣಿಗೆ ಬೀಳುತ್ತದೆ.

ಆ ಜಾಗವನ್ನು ಕನ್ನಡ ಕರಾವಳಿಯಲ್ಲಿ 'ಅಳಿವೆ' ಎನ್ನುತ್ತಾರೆ. ಕೊಂಕಣದ ಮರಾಠಿಯಲ್ಲಿ ಅದು 'ಖಾಡಿ'. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಅಲ್ಲಿ ದಿನವೂ ಬೆರೆಯುತ್ತವೆ. ಆ ಬೆರಕೆಯಿಂದ ಏನು ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕಾದರೆ, ಮೊದಲು ತಡೆಯಿಲ್ಲದೆ ಕಡಲನ್ನು ಮುಟ್ಟುವ ಒಂದು ನದಿಯನ್ನು ನೋಡಬೇಕು. ಕರ್ನಾಟಕದಲ್ಲಿ ಅಂಥ ನದಿಗಳು ಉಳಿದಿರುವುದೇ ಕಡಿಮೆ. ಅವುಗಳಲ್ಲಿ ಮುಖ್ಯವಾದುದು ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ.

ಅಣೆಕಟ್ಟಿಲ್ಲದ ಹೊಳೆ

ಕೊಲ್ಹಾಪುರದ ಕಡೆಯ ಅನೇಕ ಮನೆತನಗಳಿಗೆ ಗೋಕರ್ಣದ ಯಾತ್ರೆ ಹೊಸದಲ್ಲ. ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿಗಳನ್ನು ದಾಟಿ, ಯಲ್ಲಾಪುರದ ಕಾಡಿನಲ್ಲಿ ಅರಬೈಲು ಘಟ್ಟವನ್ನಿಳಿದು, ಅಂಕೋಲೆಯ ಬಳಿ ಕರಾವಳಿಯ ಹೆದ್ದಾರಿಯನ್ನು ಹಿಡಿದರೆ ಗೋಕರ್ಣ ದೂರವಿಲ್ಲ. ಮಹಾಬಲೇಶ್ವರನ ದರ್ಶನ ಮುಗಿಸಿ, ಕಡಲಸ್ನಾನ ಮಾಡಿ, ಮುರುಡೇಶ್ವರದ ದಾರಿ ಹಿಡಿಯುವ ಯಾತ್ರಿಕರು ಗೋಕರ್ಣದ ದಕ್ಷಿಣಕ್ಕಿರುವ ತದಡಿಯ ಕಡೆಗೆ ಹೊರಳುವುದು ಅಪರೂಪ. ಅಘನಾಶಿನಿಯ ಅಳಿವೆ ಇರುವುದು ಅಲ್ಲಿಯೇ. ಉತ್ತರದ ದಡದಲ್ಲಿ ತದಡಿ ಬಂದರು, ದಕ್ಷಿಣದ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ನಡುವೆ ಜನರನ್ನು ದಾಟಿಸುವ ದೋಣಿ.

ಈ ನದಿಯು ಶಿರಸಿಯ ಶಂಕರಹೊಂಡ ಮತ್ತು ಮಂಜುಗುಣಿಗಳ ಬಳಿ ಹುಟ್ಟುತ್ತದೆ. ಸಿದ್ಧಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ದಟ್ಟವಾದ ಕಣಿವೆಗಳಲ್ಲಿ ಇಳಿದು, ಕುಮಟಾ ತಾಲೂಕಿನ ಬಯಲಿಗೆ ಬಂದು ಅಗಲವಾಗುತ್ತದೆ. ಒಟ್ಟು ಉದ್ದ 120 ಕಿಲೋಮೀಟರಿನ ಆಸುಪಾಸು. ವಾರಣೆಯ ಹಾಗೆಯೇ ಸಹ್ಯಾದ್ರಿಯ ಮಗಳು. ಆದರೆ ಮುಖ ಮಾಡಿದ್ದು ಪಡುವಣಕ್ಕೆ. ಉಗಮದಿಂದ ಕಡಲಿನವರೆಗೆ ಇದಕ್ಕೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುತ್ತದೆ, ಬೇಸಿಗೆಯಲ್ಲಿ ಸಣ್ಣಗಾಗುತ್ತದೆ. ಘಟ್ಟದ ಎಲೆ, ಮಣ್ಣು, ಮರಳು ಎಲ್ಲವನ್ನೂ ಹೊತ್ತು ತಂದು ಅಳಿವೆಯಲ್ಲಿ ಇಳಿಸುತ್ತದೆ. ದಡದ ಮಿರ್ಜಾನದ ಕೋಟೆಯು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದ ಮೆಣಸಿನ ವ್ಯಾಪಾರವನ್ನು ಇಂದಿಗೂ ನೆನಪಿಸುತ್ತದೆ. ನದಿಯು ಆಗ ಘಟ್ಟದ ಸರಕನ್ನು ಹಡಗಿಗೆ ಮುಟ್ಟಿಸುವ ದಾರಿಯೂ ಆಗಿತ್ತು.

ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದ ಹೊತ್ತಿಗೆ ಕಡಲು ಒಳನುಗ್ಗಿ ಮೈಲಿಗಟ್ಟಲೆ ಮೇಲಕ್ಕೆ ಹೋಗುತ್ತದೆ. ಇಳಿತದ ಹೊತ್ತಿಗೆ ಹಿಂದೆ ಸರಿದು ಕೆಸರಿನ ಬಯಲುಗಳನ್ನು ಬಿಟ್ಟುಕೊಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಈ ಏರಿಳಿತ ಇನ್ನೂ ಹೆಚ್ಚು. ಸಿಹಿನೀರು ಹಗುರ, ಉಪ್ಪುನೀರು ಭಾರ. ಆದ್ದರಿಂದ ಹೊಳೆಯ ನೀರು ಮೇಲೆ ಹರಿಯುತ್ತಿರುವಾಗಲೇ ಕಡಲಿನ ನೀರು ಕೆಳಗಿನಿಂದ ಒಳಬರುತ್ತದೆ. ಹೊಳೆಯಲ್ಲಿ ತೇಲಿಬಂದ ಸಣ್ಣ ಮಣ್ಣಿನ ಕಣಗಳು ಉಪ್ಪನ್ನು ಮುಟ್ಟಿದೊಡನೆ ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕೂರುತ್ತವೆ. ಅಳಿವೆಯ ಕೆಸರು ಹುಟ್ಟುವುದು ಹೀಗೆ. ಕಾಡಿನಿಂದ ಬಂದ ಕೊಳೆತ ಎಲೆಯ ಸಾರ ಆ ಕೆಸರಿನಲ್ಲಿ ನಿಲ್ಲುತ್ತದೆ. ಅದನ್ನು ಕಣ್ಣಿಗೆ ಕಾಣದ ಜೀವಿಗಳು ತಿನ್ನುತ್ತವೆ, ಅವನ್ನು ಹುಳುಗಳೂ ಚಿಪ್ಪಿನ ಜೀವಿಗಳೂ ತಿನ್ನುತ್ತವೆ, ಅವನ್ನು ಮೀನು, ಏಡಿ, ಹಕ್ಕಿಗಳು ತಿನ್ನುತ್ತವೆ. ಸಿಗಡಿಯು ಮೊಟ್ಟೆಯಿಡುವುದು ಆಳವಾದ ಕಡಲಿನಲ್ಲಿ. ಅದರ ಮರಿ ಬೆಳೆಯುವುದು ಅಳಿವೆಯ ಆಳವಿಲ್ಲದ ನೀರಿನಲ್ಲಿ. ಅನೇಕ ಜಾತಿಯ ಮೀನುಗಳ ಮರಿಗಳಿಗೂ ಇದೇ ತೊಟ್ಟಿಲು. ದೂರದ ಕಡಲಿನಲ್ಲಿ ಬಲೆ ಹಾಕುವ ದೋಣಿಯವರ ಸಂಪಾದನೆಯ ಒಂದು ಪಾಲು ಘಟ್ಟದ ನೀರಿನಿಂದ ಆರಂಭವಾಗಿರುತ್ತದೆ.

ಕಾಂಡ್ಲಾ, ಬಳಚು

ಅಳಿವೆಯ ಅಂಚಿನಲ್ಲಿ ಉಪ್ಪುನೀರಿನಲ್ಲಿಯೇ ಬೇರೂರಿ ನಿಂತ ಹಸುರು ಕಾಡನ್ನು ಇಲ್ಲಿಯ ಜನ ಕಾಂಡ್ಲಾ ಎನ್ನುತ್ತಾರೆ. ಮಹಾರಾಷ್ಟ್ರದ ಶಾಲೆಯ ಮಕ್ಕಳು ಪಠ್ಯದಲ್ಲಿ ಓದುವ 'ಕಾಂದಳವನ'ವೂ ಇದೇ. ಎರಡು ಭಾಷೆಗಳಲ್ಲಿ ಮರದ ಹೆಸರು ಹೆಚ್ಚುಕಡಿಮೆ ಒಂದೇ. ಬೇರೆ ಯಾವ ಮರವೂ ಬದುಕಲಾರದ ಕೆಸರಿನಲ್ಲಿ ಇದು ಬದುಕುವ ಬಗೆ ಬೆರಗು ಹುಟ್ಟಿಸುತ್ತದೆ. ಕೆಸರಿನೊಳಗೆ ಗಾಳಿಯಿಲ್ಲ, ಆದ್ದರಿಂದ ಕೆಲವು ಜಾತಿಯ ಮರಗಳು ಬೇರುಗಳನ್ನು ಪೆನ್ಸಿಲಿನ ಹಾಗೆ ನೆಲದಿಂದ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ಕೆಲವು ಮರಗಳು ಕಾಂಡದಿಂದ ಕಮಾನಿನಂಥ ಬೇರುಗಳನ್ನು ಇಳಿಬಿಟ್ಟು ನೆಲವನ್ನು ಹಿಡಿಯುತ್ತವೆ. ಕೆಲವು ತಾವು ಹೀರಿದ ಉಪ್ಪನ್ನು ಎಲೆಯ ಮೈಯಿಂದ ಹೊರಹಾಕುತ್ತವೆ. ಇನ್ನು ಕೆಲವುಗಳ ಬೀಜ ತಾಯಿಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಕೋಲಿನಂತಾಗಿ, ಬಿದ್ದಲ್ಲಿ ಕೆಸರಿಗೆ ನಾಟಿಕೊಳ್ಳುತ್ತದೆ ಅಥವಾ ನೀರಿನಲ್ಲಿ ತೇಲಿ ಬೇರೆ ನೆಲೆಯನ್ನು ಹುಡುಕುತ್ತದೆ.

ಈ ಕಾಡು ಮಣ್ಣನ್ನು ಹಿಡಿದಿಡುತ್ತದೆ, ಅಲೆಯ ರಭಸವನ್ನು ತಗ್ಗಿಸುತ್ತದೆ. 1999ರ ಒಡಿಶಾ ಚಂಡಮಾರುತದ ನಂತರ ಕೇಂದ್ರಾಪಾಡಾ ಜಿಲ್ಲೆಯಲ್ಲಿ ನಡೆದ ಅಧ್ಯಯನದಲ್ಲಿ, ಕಡಲಿಗೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಕಾಡು ಉಳಿದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿತ್ತೆಂದು ಕಂಡುಬಂತು. ಅದರ ಕೆಸರಿನಲ್ಲಿ ಶತಮಾನಗಳ ಕಾಲ ಇಂಗಾಲ ಹೂತುಕೊಂಡಿರುತ್ತದೆ. ಹವಾಮಾನ ಕೆಡುತ್ತಿರುವ ಈ ಕಾಲದಲ್ಲಿ ವಿಜ್ಞಾನಿಗಳು ಅದನ್ನು 'ನೀಲಿ ಇಂಗಾಲ'ವೆಂದು ಕರೆದು ಲೆಕ್ಕ ಹಾಕುತ್ತಿದ್ದಾರೆ. ಅಘನಾಶಿನಿಯ ದಡಗಳಲ್ಲಿ ಅರಣ್ಯ ಇಲಾಖೆಯವರು ಊರವರ ನೆರವಿನಿಂದ ಕಾಂಡ್ಲಾ ಸಸಿಗಳನ್ನು ನೆಟ್ಟು ಬೆಳೆಸಿದ್ದಾರೆ.

ಇಳಿತದ ಹೊತ್ತಿಗೆ ಅಳಿವೆಯ ಬಯಲಿನಲ್ಲಿ ಕಾಣುವ ನೋಟವೇ ಬೇರೆ. ಹೆಂಗಸರು, ಗಂಡಸರು ಗುಂಪು ಗುಂಪಾಗಿ ಕೆಸರಿಗಿಳಿದು, ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ಬಾಗಿ ಬಳಚು ಆರಿಸುತ್ತಾರೆ. ಬಳಚು ಎಂದರೆ ಎರಡು ಚಿಪ್ಪುಗಳ ನಡುವೆ ಬದುಕುವ ಸಣ್ಣ ಜೀವಿ. ನೀರನ್ನು ಹೀರಿ, ಅದರಲ್ಲಿರುವ ಆಹಾರದ ಕಣಗಳನ್ನು ಸೋಸಿಕೊಂಡು, ತಿಳಿಯಾದ ನೀರನ್ನು ಹೊರಬಿಡುವುದು ಅದರ ಬಾಳು. ಹಾಗಾಗಿ ಅದು ಜನರಿಗೆ ಆಹಾರ, ಹೊಳೆಗೆ ಸೋಸುವ ಬಟ್ಟೆ. ಉಳಿದ ಚಿಪ್ಪನ್ನು ಸುಟ್ಟರೆ ಸುಣ್ಣವಾಗುತ್ತದೆ. ಈ ಕೆಲಸಕ್ಕೆ ದೋಣಿಯೂ ಬೇಡ, ಬಂಡವಾಳವೂ ಬೇಡ. ಭೂಮಿಯಿಲ್ಲದ ಮನೆಯ ಹೆಂಗಸಿಗೂ ಕೈಗೆ ನಾಲ್ಕು ಕಾಸು ಬರುತ್ತದೆ. ಮೀನುಗಾರಿಕೆ, ಬಳಚು, ಏಡಿ, ಉಪ್ಪು, ಭತ್ತ ಇವೆಲ್ಲವುಗಳಿಂದ ಅಘನಾಶಿನಿಯ ಅಳಿವೆಯು ಆರರಿಂದ ಏಳೂವರೆ ಸಾವಿರ ಕುಟುಂಬಗಳಿಗೆ ಜೀವನವನ್ನು ಕೊಡುತ್ತದೆಂದು ಸರಕಾರದ ದಾಖಲೆಯೇ ಹೇಳುತ್ತದೆ. ಮೀನು ಮುಟ್ಟದ ಮನೆತನದವರೂ ಈ ಲೆಕ್ಕವನ್ನು ಗಮನಿಸಬೇಕು. ಒಂದು ಸಕ್ಕರೆ ಕಾರ್ಖಾನೆ ಎಷ್ಟು ಮನೆಗಳ ಒಲೆ ಉರಿಸುತ್ತದೆ ಎಂದು ಎಣಿಸಬಲ್ಲ ನಾಡಿಗೆ, ಯಂತ್ರವಿಲ್ಲದ, ಹೊಗೆಯಿಲ್ಲದ ಇಂಥ ಕಾರ್ಖಾನೆಯ ಬೆಲೆ ತಿಳಿಯದೆ ಇರಲಾರದು.

ಉಪ್ಪುನೆಲದ ಭತ್ತ

ಶಿರೋಳ ತಾಲೂಕಿನ ರೈತರಿಗೆ ಉಪ್ಪುನೆಲದ ಪರಿಚಯ ಚೆನ್ನಾಗಿಯೇ ಇದೆ. ಕಬ್ಬಿಗೆ ವರ್ಷವಿಡೀ ನೀರು ಹಾಯಿಸಿದ್ದರಿಂದ ನೆಲದಡಿಯ ನೀರು ಮೇಲಕ್ಕೇರಿ, ಅದರೊಡನೆ ಲವಣವೂ ಮೇಲಕ್ಕೆ ಬಂದು, ಸಾವಿರಾರು ಎಕರೆ ಸವಳು-ಜವಳಾಯಿತು. ಬಿಳಿಯ ಪೊರೆ ಕಟ್ಟಿದ ಹೊಲದಲ್ಲಿ ಬೀಜ ಮೊಳೆಯದಾಯಿತು. ಶಿರೋಳದ ಶ್ರೀ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯ ಮುಂದಾಳತ್ವದಲ್ಲಿ ರೈತರು ನೆಲದೊಳಗೆ ತೂತು ಕೊಳವೆಗಳನ್ನು ಹೂಳಿ, ಲವಣದ ನೀರನ್ನು ಬಸಿದು ತೆಗೆದು, ಅಂಥ ಹೊಲಗಳನ್ನು ಮತ್ತೆ ಬೆಳೆಗೆ ತರುತ್ತಿದ್ದಾರೆ. ಅದು ಬಹಳ ಖರ್ಚಿನ, ಬಹಳ ತಾಳ್ಮೆಯ ಕೆಲಸ.

ಅಘನಾಶಿನಿಯ ದಡದ ರೈತರು ಉಪ್ಪಿನೊಡನೆ ಬಾಳುವ ಬೇರೊಂದು ದಾರಿಯನ್ನು ಹಿಂದೆಯೇ ಕಂಡುಕೊಂಡಿದ್ದರು. ಅಳಿವೆಯ ಅಂಚಿನ ತಗ್ಗು ಭೂಮಿಗೆ ಅವರು 'ಗಜನಿ' ಎನ್ನುತ್ತಾರೆ. ಗೋವೆಯಲ್ಲಿ ಇದೇ 'ಖಾಜಣ'. ಸುತ್ತಲೂ ಒಡ್ಡು ಹಾಕಿ, ಅಲ್ಲಲ್ಲಿ ಹಲಗೆಯ ಬಾಗಿಲಿಟ್ಟು, ಕಡಲಿನ ನೀರನ್ನು ಬೇಕಾದಾಗ ಬಿಟ್ಟುಕೊಂಡು, ಬೇಡವಾದಾಗ ತಡೆಯುವ ವ್ಯವಸ್ಥೆ ಅದು. ಮುಂಗಾರಿನ ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆಯುತ್ತವೆ. ಆಗ ಮೊಳಕೆಯೊಡೆಸಿದ 'ಕಗ್ಗ' ಭತ್ತವನ್ನು ಚೆಲ್ಲುತ್ತಾರೆ. ಈ ತಳಿ ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ. ಎತ್ತರವಾಗಿ ಬೆಳೆದು ತೆನೆಯನ್ನು ನೀರಿನ ಮೇಲೆ ಹಿಡಿಯುತ್ತದೆ. ಗೊಬ್ಬರ ಹಾಕುವಂತಿಲ್ಲ, ಔಷಧ ಸಿಂಪಡಿಸುವಂತಿಲ್ಲ. ನದಿ ತಂದ ಮೆಕ್ಕಲೇ ಗೊಬ್ಬರ. ದೀಪಾವಳಿಯ ಹಿಂದೆ ಮುಂದೆ ತೆನೆಗಳನ್ನಷ್ಟೇ ಕೊಯ್ದು, ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಬಳಿಕ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಟ್ಟರೆ, ಅದರೊಡನೆ ಸಿಗಡಿ, ಮೀನುಗಳ ಮರಿ ಬಂದು ಕೊಳೆಯುವ ಹುಲ್ಲಿನ ನಡುವೆ ಬೆಳೆಯುತ್ತವೆ. ಮೀನು ಬಿಟ್ಟ ಮಲ ಮುಂದಿನ ವರ್ಷದ ಭತ್ತಕ್ಕೆ ಸಾರ. ಅಕ್ಕಿಯ ಬಣ್ಣ ಕೆಂಪು. ದಂಡೆಯ ಹಾಲಕ್ಕಿ ಒಕ್ಕಲಿಗರು, ಪಟಗಾರರು ಮುಂತಾದ ಸಮುದಾಯಗಳು ಈ ಬೇಸಾಯವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ. ಕೇರಳದ ಪೊಕ್ಕಾಳಿ ಭತ್ತದ ಬೇಸಾಯವೂ ಇದೇ ಕ್ರಮದ್ದು.

ಈ ಬೇಸಾಯ ಒಬ್ಬನಿಂದ ಆಗುವಂಥದ್ದಲ್ಲ. ಒಡ್ಡು ಎಲ್ಲರದು, ಬಾಗಿಲು ಎಲ್ಲರದು. ಎಂದು ತೆರೆಯಬೇಕು, ಎಂದು ಮುಚ್ಚಬೇಕು ಎಂಬುದನ್ನು ಊರವರೆಲ್ಲ ಕೂಡಿ ತೀರ್ಮಾನಿಸಬೇಕು. ಸರಕಾರವು ಗಟ್ಟಿ ಒಡ್ಡುಗಳನ್ನು ಕಟ್ಟಿಕೊಟ್ಟ ಮೇಲೆ ದುರಸ್ತಿಯ ಹೊಣೆ ಯಾರದೆಂಬ ಗೊಂದಲವೂ ಬಂತು. ಸಿಗಡಿಗೆ ವಿದೇಶದಲ್ಲಿ ಒಳ್ಳೆಯ ಬೆಲೆ ಬಂದಾಗ ಅನೇಕ ಗಜನಿಗಳು ಗುತ್ತಿಗೆಗೆ ಹೋಗಿ, ವರ್ಷವಿಡೀ ಉಪ್ಪುನೀರು ನಿಂತು, ಭತ್ತ ಮಾಯವಾಯಿತು. ದೇಶದ ಕರಾವಳಿಯುದ್ದಕ್ಕೂ ಇದೇ ಕಥೆ ನಡೆದಾಗ, 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದೊಳಗೆ ಸಿಗಡಿ ಕೊಳಗಳನ್ನು ಕಟ್ಟಕೂಡದೆಂದು ತೀರ್ಪಿತ್ತು, ಸಾಂಪ್ರದಾಯಿಕ ಪದ್ಧತಿಗಳಿಗೆ ಮಾತ್ರ ವಿನಾಯಿತಿ ನೀಡಿತು. ಕುಮಟಾ ತಾಲೂಕಿನ ಮಾಣಿಕಟ್ಟಾದಂಥ ಊರುಗಳಲ್ಲಿ ರೈತರು ಒಟ್ಟುಗೂಡಿ ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಕಡಲಿನ ಮಟ್ಟ ಏರುತ್ತಿರುವ ದಿನಗಳಲ್ಲಿ ಆ ಬೀಜಕ್ಕೆ ಇಡೀ ಕರಾವಳಿಯೇ ಮುಂದೊಂದು ದಿನ ಕೈಚಾಚಬೇಕಾಗಬಹುದು.

ಉಳಿದ ಬಗೆ

ಅಘನಾಶಿನಿಯ ಅಳಿವೆ ತಾನಾಗಿಯೇ ಉಳಿದದ್ದಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಕಟ್ಟುವ ಪ್ರಸ್ತಾಪ 2000ದ ದಶಕದಲ್ಲಿ ಬಂದಿತ್ತು. ಕಾದ ನೀರು, ಬೂದಿ, ಹೊಗೆಗಳಿಂದ ಅಳಿವೆ ಹಾಳಾಗುವುದೆಂದು ಮೀನುಗಾರರೂ ರೈತರೂ ವಿರೋಧಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳಿವೆಯ ಜೀವಿಗಳನ್ನೂ ಅದರಿಂದ ಬರುವ ಆದಾಯವನ್ನೂ ಎಣಿಸಿ ತೋರಿಸಿದರು. ಯೋಜನೆ ಕೈಬಿಟ್ಟುಹೋಯಿತು. ದೊಡ್ಡ ಬಂದರಿನ ಮಾತೂ ಹಲವು ಸಲ ಕೇಳಿಬಂದಿದೆ. ಕೊನೆಗೆ 2024ರ ಜನವರಿ 31ರಂದು, ವಿಶ್ವ ಜೌಗುಭೂಮಿ ದಿನದ ಮುನ್ನ, ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ರಾಮ್ಸರ್ ಪಟ್ಟಿಯಲ್ಲಿ ಸೇರಿದ ವಿಷಯ ಪ್ರಕಟವಾಯಿತು. ಅದರೊಡನೆ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆಗಳಿಗೂ ಆ ಗೌರವ ಸಂದಿತು. ರಾಮ್ಸರ್ ಎಂಬುದು ಇರಾನಿನ ಒಂದು ಊರು. 1971ರ ಫೆಬ್ರವರಿ 2ರಂದು ಜಗತ್ತಿನ ದೇಶಗಳು ಜೌಗುಭೂಮಿಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡದ್ದು ಅಲ್ಲಿ. ಮಹಾರಾಷ್ಟ್ರದಲ್ಲಿ ನಾಂದೂರ ಮಧ್ಯಮೇಶ್ವರ, ಲೋಣಾರ ಸರೋವರ ಮತ್ತು ರಾಜಹಂಸಗಳು ಸಾವಿರಗಟ್ಟಲೆ ಬಂದಿಳಿಯುವ ಠಾಣೆಯ ಖಾಡಿ ಈ ಪಟ್ಟಿಯಲ್ಲಿವೆ.

ಪಟ್ಟಿಗೆ ಸೇರಿದ ಮಾತ್ರಕ್ಕೆ ಚಿಂತೆ ತೀರಲಿಲ್ಲ. ಪಶ್ಚಿಮಕ್ಕೆ ಹರಿಯುವ ನೀರನ್ನು ಒಳನಾಡಿಗೆ ತಿರುಗಿಸುವ ಪ್ರಸ್ತಾಪಗಳಲ್ಲಿ ಬೇಡ್ತಿಯ ಜೊತೆಗೆ ಅಘನಾಶಿನಿಯ ಹೆಸರೂ ಇದೆ. ಅಲ್ಲಿಯೂ ಕೇಳಿಬರುವುದು ಅದೇ ವಾದ: ಕಡಲಿಗೆ ಹೋಗುವ ನೀರು ಹಾಳು.

ಈ ವಾದಕ್ಕೆ ಉತ್ತರವನ್ನು ಪಕ್ಕದ ಶರಾವತಿಯೇ ಕೊಡುತ್ತದೆ. ಕುಮಟೆಯಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಹೊನ್ನಾವರ. ಅಲ್ಲಿ ಶರಾವತಿಯ ಅಳಿವೆ. ಅದೇ ಘಟ್ಟ, ಅದೇ ಮಳೆ, ಅದೇ ಕಡಲು. ಆದರೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ವಿದ್ಯುತ್ತಿಗಾಗಿ ಬೇಸಿಗೆಯಲ್ಲಿಯೂ ಸಿಹಿನೀರು ಹೊಳೆಗೆ ಬರತೊಡಗಿತು. ನೀರು ಇಲ್ಲವಾಗಲಿಲ್ಲ, ಅದರ ಕಾಲಕ್ರಮ ತಪ್ಪಿತು ಅಷ್ಟೆ. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರದೆ ಹೋಯಿತು. ಉಪ್ಪು ಬೇಕಾದ ಬಳಚು ಅಲ್ಲಿ ಕ್ಷೀಣಿಸಿತು, ಮೀನಿನ ಜಾತಿಗಳೂ ಅಘನಾಶಿನಿಗಿಂತ ಕಡಿಮೆಯಾದವು. ಎರಡು ಅಳಿವೆಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಇದನ್ನು ದಾಖಲಿಸಿದ್ದಾರೆ. ನದಿಯೊಂದು ಎಷ್ಟು ನೀರನ್ನು ತರುತ್ತದೆ ಎಂಬುದರಷ್ಟೇ, ಯಾವ ತಿಂಗಳಲ್ಲಿ ತರುತ್ತದೆ ಎಂಬುದೂ ಅಳಿವೆಗೆ ಮುಖ್ಯ.

ಕೃಷ್ಣೆಯ ಕೊನೆ

ಇನ್ನು ವಾರಣೆಯ ನೀರಿನ ಕಡೆಗೆ ಹಿಂದಿರುಗಬೇಕು. ಹರಿಪುರದ ಸಂಗಮದಿಂದ ಹೊರಟ ಆ ನೀರು ಚಿಕ್ಕೋಡಿ, ಅಥಣಿ, ಜಮಖಂಡಿಗಳ ಸೀಮೆಯನ್ನು ಹಾದು ಆಲಮಟ್ಟಿಯಲ್ಲಿ ನಿಲ್ಲುತ್ತದೆ. ನಾರಾಯಣಪುರದಲ್ಲಿ ಮತ್ತೆ ನಿಲ್ಲುತ್ತದೆ. ರಾಯಚೂರಿನ ಸೀಮೆಯಲ್ಲಿ ಭೀಮೆ, ಕರ್ನೂಲಿನ ಬಳಿ ತುಂಗಭದ್ರೆ ಕೂಡಿಕೊಂಡ ಮೇಲೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು. ಅದರಾಚೆ ನದಿ ಕವಲೊಡೆದು ಆಂಧ್ರಪ್ರದೇಶದ ಹಂಸಲದೀವಿಯ ಸುತ್ತಮುತ್ತ ಕಡಲನ್ನು ಸೇರುತ್ತದೆ. ಹಂಸಲದೀವಿಯಲ್ಲಿ ವೇಣುಗೋಪಾಲಸ್ವಾಮಿಯ ಹಳೆಯ ಗುಡಿಯಿದೆ. ಜನ ಸಾಗರಸಂಗಮದ ಸ್ನಾನಕ್ಕೆ ಬರುತ್ತಾರೆ. ಮಹಾಬಳೇಶ್ವರದಲ್ಲಿ ಗೋಮುಖದಿಂದ ಬೀಳುವ ಕೃಷ್ಣೆಗೆ ಕೈಮುಗಿದವರ ಯಾತ್ರೆ ನಿಜವಾಗಿ ಮುಗಿಯುವುದು ಇಲ್ಲಿಯೇ.

ಇಲ್ಲಿಯೂ ಕಾಂಡ್ಲಾ ಕಾಡಿದೆ. 'ಕೃಷ್ಣಾ ವನ್ಯಜೀವಿ ಧಾಮ'ವೆಂದು ಸುಮಾರು 195 ಚದರ ಕಿಲೋಮೀಟರ್ ಪ್ರದೇಶವನ್ನು ಕಾಯ್ದಿಡಲಾಗಿದೆ. ನೀರಿಗಿಳಿದು ಮೀನು ಹಿಡಿಯುವ ಅಪರೂಪದ ಕಾಡುಬೆಕ್ಕು ಅಲ್ಲಿ ನೆಲಸಿದೆ. ಈ ಮುಖಜಭೂಮಿಯ ಮಣ್ಣೆಲ್ಲ ಸಾವಿರಾರು ವರ್ಷಗಳ ಕಾಲ ಕೃಷ್ಣೆ ಮತ್ತು ಅವಳ ಉಪನದಿಗಳು ಹೊತ್ತು ತಂದದ್ದು. ದಾನೋಳಿಯ ದಂಡೆಯಿಂದ ಕರಗಿಹೋದ ಕರಿಮಣ್ಣಿಗೂ ಅದರಲ್ಲಿ ಪಾಲಿದೆ. ಮುಖಜಭೂಮಿ ಒಮ್ಮೆ ಕಟ್ಟಿ ಮುಗಿಸಿದ ಮನೆಯಲ್ಲ. ನದಿ ಪ್ರತಿ ವರ್ಷ ಹೊಸ ಮಣ್ಣು ತಂದರೆ ಮಾತ್ರ ಅದು ಕಡಲಿನ ಕೊರೆತಕ್ಕೆ ಎದುರು ನಿಲ್ಲುತ್ತದೆ. ಈಗ ಮಣ್ಣು ಅಣೆಕಟ್ಟುಗಳ ಹಿಂದೆ ಹೂಳಾಗಿ ಕೂರುತ್ತಿದೆ. ಉಪಗ್ರಹದ ಚಿತ್ರಗಳನ್ನು ಹಲವು ದಶಕಗಳ ಅಂತರದಲ್ಲಿ ಹೋಲಿಸಿದ ಅಧ್ಯಯನಗಳು ಕೃಷ್ಣೆಯ ಮುಖಜಭೂಮಿಯ ಅಂಚು ಹಲವೆಡೆ ಕೊರೆದುಹೋಗುತ್ತಿರುವುದನ್ನು ತೋರಿಸಿವೆ. ನೀರಿನ ಕಥೆಯೂ ಹಾಗೆಯೇ. 2000ದ ದಶಕದ ಆರಂಭದ ಬರಗಾಲದ ವರ್ಷಗಳಲ್ಲಿ ಕೃಷ್ಣೆಯಿಂದ ಕಡಲಿಗೆ ನೀರು ಹರಿದದ್ದು ಇಲ್ಲವೆಂಬಷ್ಟು ಕಡಿಮೆ. ಇದೇ ಸೀಮೆಯಲ್ಲಿ 1977ರ ನವೆಂಬರ್ 19ರಂದು ಚಂಡಮಾರುತದೊಡನೆ ಕಡಲು ಒಳನುಗ್ಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅಂಥ ಕಡಲಿನ ಮುಂದೆ ಮಣ್ಣೂ ಮರಗಳೂ ಕ್ಷೀಣಿಸುವುದು ಅಲ್ಲಿಯವರಿಗೆ ಸಣ್ಣ ಸಂಗತಿಯಲ್ಲ.

ಮೇಲಿನ ದಡದ ಹೊಣೆ

ನೀರಿನ ಬೆಲೆಯನ್ನು ದಾನೋಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಚಲಕರಂಜಿ ನಗರಕ್ಕಾಗಿ ಅಮೃತ ಯೋಜನೆಯಡಿ ವಾರಣೆಯ ನೀರನ್ನು ಇಲ್ಲಿಂದ ಒಯ್ಯುವ ಕೆಲಸಕ್ಕೆ 2018ರಲ್ಲಿ ಊರಿಗೆ ಊರೇ ಎದ್ದು ಅಡ್ಡ ನಿಂತಿತ್ತು. ತಮ್ಮ ಹೊಲ ಬತ್ತುವುದೆಂಬ ಅಂಜಿಕೆ ಊರವರದು. ನಗರದವರ ಬಾಯಾರಿಕೆಯೂ ಸುಳ್ಳಲ್ಲ. ಅವರ ಪಕ್ಕದಲ್ಲಿಯೇ ಪಂಚಗಂಗೆ ಹರಿಯುತ್ತದೆ. ಆದರೆ ಊರುಗಳ ಚರಂಡಿ, ಕಾರ್ಖಾನೆಗಳ ಹೊಲಸು ಸೇರಿ ಆ ನೀರು ಕೆಟ್ಟಿದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜೀವಗಳು ಹೋದದ್ದನ್ನು ಆ ನಗರ ಮರೆತಿಲ್ಲ. ಒಂದು ನದಿಯನ್ನು ಕೆಡಿಸಿಕೊಂಡವರು ಇನ್ನೊಂದು ನದಿಯ ಕಡೆಗೆ ನೋಡಬೇಕಾಗುತ್ತದೆ. ಆಗ ನೆರೆಹೊರೆಯ ನಡುವೆ ಜಗಳ ಹುಟ್ಟುತ್ತದೆ. ಈ ಜಗಳದಲ್ಲಿ ಮಾತನಾಡಲು ಬಾರದ ಮೂರನೆಯ ಪಾಲುದಾರನೊಬ್ಬನಿದ್ದಾನೆ. ಅವನೇ ನದಿಯ ಕೊನೆಯಲ್ಲಿರುವ ಅಳಿವೆ. ಮೇಲಿನ ದಡಗಳಲ್ಲಿ ನಡೆಯುವ ಪ್ರತಿಯೊಂದು ತೀರ್ಮಾನವೂ ಕೊನೆಗೆ ಅವನ ಪಾಲಿನಿಂದ ಕಳೆಯುತ್ತದೆ.

ಇದರಿಂದ ರೈತ ಪಂಪು ನಿಲ್ಲಿಸಬೇಕೆಂದಾಗಲಿ, ನಗರ ಬಾಯಾರಬೇಕೆಂದಾಗಲಿ ಅರ್ಥವಲ್ಲ. ಅಣೆಕಟ್ಟುಗಳನ್ನು ಕೆಡಹಿ ಕೃಷ್ಣೆಯನ್ನು ಅಘನಾಶಿನಿಯಂತೆ ಮಾಡುವುದೂ ಆಗದ ಮಾತು. ಆದರೆ ಮಾಡಬಹುದಾದ ಕೆಲಸಗಳಿವೆ, ಅವು ಮೇಲಿನ ದಡದಲ್ಲಿಯೇ ಇವೆ. ಕಬ್ಬಿಗೆ ಹನಿ ನೀರಾವರಿ ಹಾಕಿದರೆ ನೀರೂ ಉಳಿಯುತ್ತದೆ, ಹೊಲ ಸವಳಾಗುವುದೂ ತಪ್ಪುತ್ತದೆ. ಊರಿನ ಚರಂಡಿಯನ್ನೂ ಕಾರ್ಖಾನೆಯ ನೀರನ್ನೂ ಶುದ್ಧಮಾಡಿ ಬಿಟ್ಟರೆ ಪಂಚಗಂಗೆಯೇ ಮತ್ತೆ ಕುಡಿಯಲು ಬರುತ್ತದೆ. ನದಿಯಂಚಿನ ತಗ್ಗುಗಳನ್ನೂ ಹಳ್ಳಗಳನ್ನೂ ತುಂಬಿ ಮನೆ ಕಟ್ಟದಿದ್ದರೆ ನೆರೆಯ ನೀರಿಗೆ ನಿಲ್ಲಲು ಜಾಗ ಸಿಗುತ್ತದೆ. 2005, 2019, 2021ರ ಮಹಾಪೂರಗಳನ್ನು ಕಂಡ ಶಿರೋಳಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನದಿ ಬದುಕಿರಲು ಅದರ ಪಾತ್ರದಲ್ಲಿಯೇ ಇಷ್ಟು ನೀರು ಹರಿಯುತ್ತಿರಬೇಕು ಎಂಬ ಲೆಕ್ಕವನ್ನು ಈಗ ನ್ಯಾಯಮಂಡಳಿಗಳೂ ಯೋಜಕರೂ ಹಾಕುತ್ತಾರೆ. ಆ ಲೆಕ್ಕಕ್ಕೆ ದಡದ ಜನರ ಬೆಂಬಲ ಸಿಕ್ಕರೆ ಮಾತ್ರ ಅದು ಕಾಗದದಿಂದ ನೀರಿಗೆ ಇಳಿಯುತ್ತದೆ.

ಫೆಬ್ರವರಿ 2ನ್ನು ಜೌಗುಭೂಮಿಗಳ ದಿನವೆಂದು ಆಚರಿಸುವ ಶಾಲೆಗಳಿವೆ. ಆ ದಿನ ಗಡಿನಾಡಿನ ಕನ್ನಡ ಶಾಲೆಯ ಮಕ್ಕಳು ಗೋಡೆಯ ಭೂಪಟದಲ್ಲಿ ವಾರಣೆಯ ಗೆರೆಯನ್ನು ಬೆರಳಿನಿಂದ ಹಿಡಿದು ಹೋದರೆ, ಅದು ಚಾಂದೋಲಿಯ ಮಳೆಯಿಂದ ಹೊರಟು, ಮರಾಠಿ, ಕನ್ನಡ, ತೆಲುಗು ಆಡುವ ಊರುಗಳ ನಡುವೆ ಹಾದು, ಹಂಸಲದೀವಿಯ ನೀಲಿ ಅಂಚಿನಲ್ಲಿ ನಿಲ್ಲುತ್ತದೆ. ಅಘನಾಶಿನಿಯ ಗೆರೆ ಅದಕ್ಕಿಂತ ಬಹಳ ಚಿಕ್ಕದು. ಆದರೆ ಗೆರೆ ಮುಗಿದಲ್ಲಿ ನದಿಯ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಅದು ಕಲಿಸುತ್ತದೆ. ಹಂಸಲದೀವಿಯಲ್ಲಿ ಬಲೆ ಬೀಸುವ ಮನೆಯವರಿಗೆ ದಾನೋಳಿಯ ಹೆಸರು ತಿಳಿದಿರಲಾರದು. ದಾನೋಳಿಯ ಮಕ್ಕಳು ಆ ಊರಿನ ಹೆಸರನ್ನು ತಮ್ಮ ಭೂಪಟದಲ್ಲಿ ಬರೆದುಕೊಂಡರೆ, ನದಿಯ ಕುರಿತು ಮುಂದೆ ಅವರು ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಆ ದೂರದ ನೆರೆಯವರಿಗೂ ಒಂದು ಜಾಗವಿರುತ್ತದೆ.